ದಾರಿ ತೋರಿದ ಕೂಲಿ

“ದಲ್ಲಾಳಿ” ಎಂಬ ಶಬ್ದ ಕಿವಿಗೆ ಬಿದ್ದೊಡನೆ ಕೇಳಿದವರ ಮುಖದಲ್ಲಿ ಒಂದು ಬಗೆಯ ತಾತ್ಸಾರ ಮೂಡುತ್ತದೆ. ದನದ ಸಂತೆಯಲ್ಲಿ ಕೊಳ್ಳುವವನ ಮತ್ತು ಮಾರುವವನ ನಡುವೆ ನಿಂತು, ಹೆಗಲ ವಸ್ತ್ರದ ಮರೆಯಲ್ಲಿ ಬೆರಳು ಹಿಡಿದು ಬೆಲೆ ಕುದುರಿಸಿ, ಇಬ್ಬರಿಂದಲೂ ಹಣ ಎಣಿಸಿಕೊಂಡು ಹೋಗುವ ಮನುಷ್ಯನ ಚಿತ್ರ ಕಣ್ಣೆದುರು ನಿಲ್ಲುತ್ತದೆ. ಬೆವರು ಸುರಿಸದೆ ಉಣ್ಣುವವನೆಂಬ ಅರ್ಥ ಆ ಶಬ್ದಕ್ಕೆ ಅಂಟಿಕೊಂಡುಬಿಟ್ಟಿದೆ. ಆದರೆ ಅದರ ಮೂಲವನ್ನು ಹುಡುಕಿ ಹೋದರೆ ಅಚ್ಚರಿಯಾಗುತ್ತದೆ. ಅದು ಅರಬ್ಬಿ ಭಾಷೆಯಿಂದ ಬಂದ ಶಬ್ದ. ಅದರ ಧಾತುವಿಗೆ “ತೋರಿಸು, ದಾರಿ ಹೇಳು” ಎಂಬ ಅರ್ಥವಿದೆ. ಇಂಗ್ಲಿಷಿನ “ಏಜೆಂಟ್” ಎಂಬ ಶಬ್ದವೂ ಹಾಗೆಯೇ. “ಮಾಡು” ಎಂಬರ್ಥದ ಲ್ಯಾಟಿನ್ ಧಾತುವಿನಿಂದ ಹುಟ್ಟಿದ ಅದಕ್ಕೆ “ಮಾಡುವವನು” ಎಂದೇ ಅರ್ಥ. ದಾರಿ ತೋರುವವನು, ಮಾಡುವವನು ಎಂಬ ಇಂಥ ಒಳ್ಳೆಯ ಮಾತುಗಳು ಬೈಗುಳದ ಮಟ್ಟಕ್ಕೆ ಇಳಿದದ್ದೇಕೆ? ದೋಷವಿರುವುದು ಕೆಲಸದಲ್ಲೋ, ಕೂಲಿಯನ್ನು ಪಡೆಯುವ ರೀತಿಯಲ್ಲೋ?

ಈ ಪ್ರಶ್ನೆ ಪ್ರವಾಸದ ಏಜೆಂಟರಿಗೆ ಅನ್ವಯಿಸುವಷ್ಟು ಬೇರೆಯವರಿಗೆ ಅನ್ವಯಿಸುವುದು ವಿರಳ. ಅವರ ಬಳಿ ಮಾರಲು ಸ್ವಂತದ ಸರಕಿಲ್ಲ. ವಿಮಾನ ಅವರದಲ್ಲ, ರೈಲು ಅವರದಲ್ಲ, ಯಾತ್ರಿಕನು ಮಲಗುವ ಕೋಣೆಯೂ ಅವರದಲ್ಲ. 1841ರ ಜುಲೈ 5ರಂದು ಇಂಗ್ಲೆಂಡಿನಲ್ಲಿ ಥಾಮಸ್ ಕುಕ್ ಎಂಬ ಮರಗೆಲಸದವನು ಲೆಸ್ಟರ್ ಊರಿನಿಂದ ಲಫ್‌ಬರೊ ಊರಿಗೆ, ಮದ್ಯಪಾನ ವಿರೋಧಿ ಸಭೆಯೊಂದಕ್ಕೆಂದು, ಸುಮಾರು 500 ಜನರನ್ನು ರೈಲಿನಲ್ಲಿ ಕರೆದೊಯ್ದನು. ತಲೆಗೆ ಒಂದು ಶಿಲ್ಲಿಂಗ್ ಎಂದು ಮೊದಲೇ ಸಾರಿದ್ದನು. ಈ ವೃತ್ತಿಯ ಚರಿತ್ರೆ ಬರೆಯುವವರು ಸಾಮಾನ್ಯವಾಗಿ ಅಲ್ಲಿಂದ ಆರಂಭಿಸುತ್ತಾರೆ. ಕುಕ್ ಆ ದಿನ ಜನರಿಗೆ ಒದಗಿಸಿದ್ದು ರೈಲನ್ನಲ್ಲ, ಹೋಗಿಬರಬಹುದೆಂಬ ಭರವಸೆಯನ್ನು. ಇಂದಿಗೂ ಪ್ರವಾಸದ ಏಜೆಂಟರ ಬಳಿ ಇರುವ ಬಂಡವಾಳ ಅದೊಂದೇ.

ಧಾರವಾಡದ ಓಣಿಯೊಂದರಲ್ಲಿ ಒಬ್ಬ ಗೃಹಿಣಿ 2009ರಿಂದ ತನ್ನ ಮನೆಯ ಪಡಸಾಲೆಯಲ್ಲಿ ಕುಳಿತು ಈ ಕೆಲಸ ಮಾಡುತ್ತ ಬಂದಿದ್ದಾಳೆ. ಅದಕ್ಕೂ ಮೊದಲು ಎಂಟು ವರ್ಷ ಹುಬ್ಬಳ್ಳಿಯ ಒಂದು ಕಚೇರಿಯಲ್ಲಿ ಟಿಕೆಟ್ ಮಾಡುವ ಮೇಜಿನ ಮುಂದೆ ದುಡಿದವಳು. ಅತ್ತೆಗೆ ಪಾರ್ಶ್ವವಾಯು ಹೊಡೆದಾಗ ದಿನವೂ ಹೋಗಿಬರುವುದು ಸಾಧ್ಯವಾಗಲಿಲ್ಲ. ಒಂದು ಮೇಜು, ಒಂದು ಗಣಕಯಂತ್ರ, ಒಂದು ಮುದ್ರಣಯಂತ್ರ, ಒಂದು ಲೆಕ್ಕದ ಪುಸ್ತಕ, ಇಷ್ಟರಿಂದ ಆಕೆಯ ವೃತ್ತಿ ಆರಂಭವಾಯಿತು. ಹೊರಗೆ ಫಲಕವಿಲ್ಲ. ಓಣಿಯ ಜನರು, ಅವರ ಬೀಗರು, ಬೀಗರ ಊರಿನವರು ಕೇಳಿಕೊಂಡು ಬರುತ್ತಾರೆ. ವಿಮಾನ ಸಂಸ್ಥೆಗಳ ನೇರ ಮಾನ್ಯತೆ ಪಡೆಯುವಷ್ಟು ಠೇವಣಿಯಾಗಲಿ ವಹಿವಾಟಾಗಲಿ ಮನೆಯಿಂದ ದುಡಿಯುವವರಿಗೆ ಎಟುಕುವುದಿಲ್ಲ. ಆದ್ದರಿಂದ ಆಕೆಯಂಥವರು ದೊಡ್ಡ ಮಧ್ಯವರ್ತಿ ಸಂಸ್ಥೆಯೊಂದರಲ್ಲಿ ಮುಂಗಡ ಹಣವಿಟ್ಟು, ಅದರ ಜಾಲತಾಣದ ಮೂಲಕ ಟಿಕೆಟ್ ಮಾಡುತ್ತಾರೆ. ಮುಂಗಡ ತೀರಿತೆಂದರೆ ಕೆಲಸವೂ ನಿಂತಿತು.

ಆಕೆ ಈ ವೃತ್ತಿಗೆ ಸ್ವತಂತ್ರವಾಗಿ ಇಳಿದ ಕಾಲ ಸಾಮಾನ್ಯ ಲೆಕ್ಕದಲ್ಲಿ ಅತ್ಯಂತ ಕೆಟ್ಟ ಕಾಲ. ಒಂದೊಮ್ಮೆ ವಿಮಾನ ಸಂಸ್ಥೆಗಳು ಟಿಕೆಟ್ಟಿನ ಬೆಲೆಯಲ್ಲಿ ಶೇಕಡಾ 9ರಷ್ಟನ್ನು ಏಜೆಂಟರಿಗೆ ಕೊಡುತ್ತಿದ್ದವು. ಅದು 7ಕ್ಕೆ ಇಳಿಯಿತು, 5ಕ್ಕೆ ಇಳಿಯಿತು. 2008ರ ಕೊನೆಯ ಹೊತ್ತಿಗೆ ದೇಶದ ಬಹುತೇಕ ದೊಡ್ಡ ಸಂಸ್ಥೆಗಳು ಕೊಡುವುದನ್ನೇ ನಿಲ್ಲಿಸಿದವು. ರೈಲಿನ ಟಿಕೆಟ್ಟನ್ನು ಅಂತರಜಾಲದಲ್ಲಿ ಮಾಡಿಸಿಕೊಳ್ಳುವ ವ್ಯವಸ್ಥೆ 2002ರಲ್ಲಿಯೇ ಬಂದಿತ್ತು. ಮಾರುವವನು ಕೊಡುವುದಿಲ್ಲ, ಕೊಳ್ಳುವವನಿಗೆ ತಾನೇ ಮಾಡಿಕೊಳ್ಳುವ ಅವಕಾಶವಿದೆ. ನಡುವೆ ನಿಂತವರು ಉಣ್ಣುವುದೆಲ್ಲಿಂದ?

ಅಂಥವರ ಮುಂದೆ ಎರಡು ದಾರಿಗಳಿದ್ದವು. ಮೊದಲನೆಯದು, ಟಿಕೆಟ್ಟಿನ ಬೆಲೆಯೊಳಗೇ ತಮ್ಮ ಹಣವನ್ನು ಅಡಗಿಸಿ ಒಟ್ಟು ಮೊತ್ತ ಹೇಳುವುದು. 6,240 ರೂಪಾಯಿಯ ಟಿಕೆಟ್ಟಿಗೆ “ಆರೂವರೆ ಸಾವಿರ ಆಗ್ತದ” ಎಂದರೆ ಮುಗಿಯಿತು. ಕೊಳ್ಳುವವನಿಗೆ ನೋವಿಲ್ಲ, ಪ್ರಶ್ನೆಯಿಲ್ಲ. “ಅವರು ನಮ್ಮ ಕಡೆ ಏನೂ ತೊಗೊಳ್ಳೋದಿಲ್ಲ” ಎಂಬ ಕೀರ್ತಿಯೂ ದೊರೆಯುತ್ತದೆ. ಎರಡನೆಯದು, ಟಿಕೆಟ್ಟಿನ ನಿಜವಾದ ಬೆಲೆಯನ್ನು ಒಂದು ಸಾಲಿನಲ್ಲಿ ಬರೆದು, ತನ್ನ ಸೇವಾ ಶುಲ್ಕವನ್ನು ಅದರ ಕೆಳಗೆ ಇನ್ನೊಂದು ಸಾಲಿನಲ್ಲಿ ಬರೆಯುವುದು. ಆಕೆ ಎರಡನೆಯದನ್ನು ಆರಿಸಿಕೊಂಡಳು. ಲೆಕ್ಕದ ಪುಸ್ತಕದಲ್ಲಿ ಎರಡು ಅಂಕಣ ಗೀಚಿ ಒಂದಕ್ಕೆ “ಅವರದು” ಎಂದೂ ಇನ್ನೊಂದಕ್ಕೆ “ನನ್ನದು” ಎಂದೂ ಹೆಸರಿಟ್ಟಳು.

ಇದರ ಫಲ ಮೊದಮೊದಲು ಕಹಿಯಾಗಿಯೇ ಇತ್ತು. ಪಟ್ಟಿಯಲ್ಲಿ 150 ರೂಪಾಯಿ ಎಂಬ ಸಾಲನ್ನು ಕಂಡ ನೆರೆಮನೆಯ ಹಿರಿಯರೊಬ್ಬರು, “ಅಕ್ಕಾರ, ಮನ್ಯಾಗ ಕುಂತು ಮಾಡೋ ಕೆಲಸಕ್ಕ ಬ್ಯಾರೆ ರೊಕ್ಕ ಯಾಕ್ರೀ? ಪ್ಯಾಟ್ಯಾಗ ಯಾರೂ ತೊಗೊಳ್ಳೋದಿಲ್ಲ” ಎಂದರು.

“ಟಿಕೆಟ್‌ದಾಗ ಸೇರಿಸಿ ಹೇಳಿದ್ರ ನಿಮಗ ಗೊತ್ತ ಆಗ್ತಿರಲಿಲ್ರೀ ಕಾಕಾ. ಗೊತ್ತಾಗ್ಲಿ ಅಂತನ ಬ್ಯಾರೆ ಬರದೀನಿ” ಎಂದಳು ಆಕೆ.

ಹಿರಿಯರು ಪೇಟೆಗೆ ಹೋಗಿ ಒಟ್ಟು ಮೊತ್ತದ ಟಿಕೆಟ್ಟನ್ನೇ ತಂದರು. ಆ ವರ್ಷ ಹಾಗೆ ಹೋದವರು ಹಲವರು. ಮರೆಮಾಚಿದ 260 ರೂಪಾಯಿ ಯಾರಿಗೂ ಭಾರವಾಗಲಿಲ್ಲ. ತೋರಿಸಿ ಕೇಳಿದ 150 ರೂಪಾಯಿ ಎಲ್ಲರಿಗೂ ಭಾರವಾಯಿತು. ಮನುಷ್ಯನ ಮನಸ್ಸಿನ ಈ ವಿಚಿತ್ರವೇ ದಲ್ಲಾಳಿಯನ್ನು ಮರೆಮಾಚುವಿಕೆಗೆ ನೂಕುತ್ತದೆ. ಕಾಣದ ಕೂಲಿಯನ್ನು ನಗುತ್ತ ಕೊಡುವ ಸಮಾಜವೇ ಕಾಣುವ ಕೂಲಿಗೆ ಹುಬ್ಬು ಗಂಟಿಕ್ಕುತ್ತದೆ. ಅನಂತರ “ದಲ್ಲಾಳಿಗಳೆಲ್ಲ ಕಳ್ಳರು” ಎಂದು ತೀರ್ಪನ್ನೂ ಕೊಡುತ್ತದೆ.

ಮನೆಯಲ್ಲಿದ್ದು ದುಡಿಯುವ ಹೆಣ್ಣುಮಗಳಿಗೆ ಇನ್ನೊಂದು ಕಷ್ಟವೂ ಇದೆ. ಮನೆಯಲ್ಲಿ ಮಾಡಿದ್ದು ಕೆಲಸವೆಂದು ಯಾರಿಗೂ ತೋರುವುದಿಲ್ಲ. ಒಲೆಯ ಮೇಲೆ ಹಾಲಿಟ್ಟು ಬಂದು ಟಿಕೆಟ್ ಮಾಡುವವಳಿಗೆ ಹಾಲು ಕಾಯಿಸಿದ್ದಕ್ಕೂ ಸಂಬಳವಿಲ್ಲ, ಟಿಕೆಟ್ ಮಾಡಿದ್ದಕ್ಕೂ ಏಕೆ ಎಂಬುದು ಬಂಧುಗಳ ಭಾವನೆ. ಬೀಗರು ಬಂದು “ನಮ್ಮ ಕಡಿಂದಾನೂ ತೊಗೋತೀಯೇನು?” ಎಂದಾಗ ಇಲ್ಲವೆನ್ನುವುದು ಸುಲಭ. ಆಕೆ ಅವರಿಗೂ ಅದೇ ಎರಡು ಸಾಲಿನ ಪಟ್ಟಿ ಕೊಟ್ಟಳು. ಉಚಿತವಾಗಿ ಮಾಡಬೇಕೆನಿಸಿದಾಗ ಶುಲ್ಕದ ಸಾಲಿನಲ್ಲಿ ಸೊನ್ನೆ ಬರೆದಳೇ ಹೊರತು ಆ ಸಾಲನ್ನು ಅಳಿಸಲಿಲ್ಲ.

ಟಿಕೆಟ್ ಮುದ್ರಿಸುವುದು ಈ ವೃತ್ತಿಯಲ್ಲಿ ಅತಿ ಕಡಿಮೆ ಹೊತ್ತು ತಗಲುವ ಕೆಲಸ. ಮುಖ್ಯ ಕೆಲಸವೆಲ್ಲ ಅದರ ಹಿಂದೆ ಮುಂದೆ ಇರುತ್ತದೆ. ಧಾರವಾಡದ ಸುತ್ತಿನ ಹಳ್ಳಿಗಳಲ್ಲಿ ಮಗ ದುಬೈಯಲ್ಲಿ ದುಡಿಯುತ್ತ ತಾಯಿಯನ್ನು ಕರೆಸಿಕೊಳ್ಳುವುದು ಈಗ ಸಾಮಾನ್ಯ. ತಾಯಿಯ ಪಾಸ್‌ಪೋರ್ಟಿನಲ್ಲಿ ಹೆಸರು ಒಂದೇ ಶಬ್ದ, ಅಡ್ಡಹೆಸರಿನ ಜಾಗ ಖಾಲಿ. ಹೆಸರಿನ ಒಂದೇ ಭಾಗವುಳ್ಳ ಪಾಸ್‌ಪೋರ್ಟ್ ಹಿಡಿದು ಪ್ರವಾಸಿ ವೀಸಾದಲ್ಲಿ ಬರುವವರಿಗೆ ಪ್ರವೇಶವಿಲ್ಲವೆಂಬ ನಿಯಮವನ್ನು ಸಂಯುಕ್ತ ಅರಬ್ ಸಂಸ್ಥಾನ 2022ರ ನವೆಂಬರ್ 21ರಿಂದ ಜಾರಿಗೆ ತಂದಿತು. ಜಾಲತಾಣಕ್ಕೆ ಹಣ ಕಟ್ಟಿದರೆ ಸಾಕು, ಟಿಕೆಟ್ ಬರುತ್ತದೆ. ತಾಯಿಯ ಪಾಸ್‌ಪೋರ್ಟನ್ನು ಬಿಡಿಸಿ ನೋಡಿ, “ಮೊದಲ ಇದನ್ನ ತಿದ್ದಿಸ್ರೀ, ಆಮ್ಯಾಲ ಟಿಕೆಟ್ ಮಾಡೂಣು” ಎನ್ನುವವರು ಯಾರಾದರೂ ಬೇಕಾಗುತ್ತದೆ. ಪಾಸ್‌ಪೋರ್ಟಿನ ಅವಧಿ ಆರು ತಿಂಗಳಾದರೂ ಉಳಿದಿದೆಯೇ, ಮೊಣಕಾಲು ನೋವಿನ ಮುದುಕಿಗೆ ಗಾಲಿಕುರ್ಚಿಯ ಕೋರಿಕೆ ಸಲ್ಲಿಸಿದೆಯೇ, ನಡುವೆ ವಿಮಾನ ಬದಲಿಸುವ ಊರಿನಲ್ಲಿ ಎರಡು ತಾಸಾದರೂ ಬಿಡುವಿದೆಯೇ ಎಂದು ನೋಡಬೇಕು. ನಡುರಾತ್ರಿ ದೂರವಾಣಿ ಎತ್ತಿ, ಕಂಗಾಲಾದವರಿಗೆ ಯಾವ ಕಡೆ ತಿರುಗಬೇಕೆಂದು ಹೇಳಬೇಕು. ದಲ್ಲಾಳಿ ಎಂಬ ಶಬ್ದದ ಮೂಲಾರ್ಥ ಅಕ್ಷರಶಃ ಇಲ್ಲಿ ನಡೆಯುತ್ತದೆ.

ರೈಲಿನ ವಿಷಯದಲ್ಲಿ ಕೂಲಿಗೆ ಕಾನೂನಿನ ಎಲ್ಲೆಯೂ ಇದೆ. ಅಧಿಕೃತ ಏಜೆಂಟರು ಸ್ಲೀಪರ್ ದರ್ಜೆಯ ಟಿಕೆಟ್ಟಿಗೆ 20 ರೂಪಾಯಿ, ಹವಾನಿಯಂತ್ರಿತ ದರ್ಜೆಗೆ 40 ರೂಪಾಯಿ ಶುಲ್ಕ ಪಡೆಯಬಹುದು, ತೆರಿಗೆ ಬೇರೆ. ಆಕೆ ಪರವಾನಿಗೆ ಪಡೆದು ಅಷ್ಟನ್ನೇ ಬರೆದುಕೊಳ್ಳುತ್ತಾಳೆ. ದೀಪಾವಳಿ ಬಂದಾಗ ಬೆಂಗಳೂರು, ಪುಣೆಗಳಿಂದ ಊರಿಗೆ ಬರುವ ಮಕ್ಕಳಿಗಾಗಿ ತಂದೆತಾಯಿಗಳು ಟಿಕೆಟ್ಟಿನ ಮೇಲೆ 500 ರೂಪಾಯಿ ಕೊಡಲು ತಾವಾಗಿಯೇ ಸಿದ್ಧರಾಗುತ್ತಾರೆ. ಒಮ್ಮೆ ಯುವಕನೊಬ್ಬ ಬಂದು, ಹಲವು ಜನರ ಹೆಸರಿನಲ್ಲಿ ಖಾತೆ ತೆರೆದು ಕ್ಷಣಾರ್ಧದಲ್ಲಿ ತತ್ಕಾಲ್ ಟಿಕೆಟ್ ಹಿಡಿಯುವ ತಂತ್ರಾಂಶವನ್ನು ಹಾಕಿಕೊಡುತ್ತೇನೆಂದನು. ಅದು ಅಪರಾಧ. ಪರವಾನಿಗೆಯಿಲ್ಲದೆ ರೈಲು ಟಿಕೆಟ್ಟಿನ ವ್ಯಾಪಾರ ಮಾಡಿದರೆ 1989ರ ರೈಲ್ವೆ ಅಧಿನಿಯಮದ 143ನೆಯ ಕಲಮಿನಂತೆ ಮೂರು ವರ್ಷದವರೆಗೆ ಸೆರೆವಾಸ ಅಥವಾ 10,000 ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು. ಆದರೆ ಆಕೆ ಒಪ್ಪದಿರಲು ಕಾನೂನಿನ ಭಯವೊಂದೇ ಕಾರಣವಾಗಿರಲಿಲ್ಲ. ಹಾಗೆ ಹಿಡಿದ ಪ್ರತಿ ಟಿಕೆಟ್ಟೂ, ಬೆಳಗಿನಿಂದ ನಿಲ್ದಾಣದ ಸಾಲಿನಲ್ಲಿ ನಿಂತ ಯಾರೋ ಒಬ್ಬನ ಕೈಯಿಂದ ಕಸಿದದ್ದಾಗುತ್ತದೆ. ಆ ಹಣವನ್ನು “ನನ್ನದು” ಎಂಬ ಅಂಕಣದಲ್ಲಿ ಬರೆಯುವುದು ಹೇಗೆ? 2025ರ ಜುಲೈ 1ರಿಂದ ತತ್ಕಾಲ್ ತೆರೆದ ಮೊದಲ ಅರ್ಧ ಗಂಟೆ ಅಧಿಕೃತ ಏಜೆಂಟರಿಗೂ ಬಾಗಿಲು ಮುಚ್ಚಿತು. ಅಂದಿನಿಂದ ಆಕೆ ಬಂದವರಿಗೆ, “ತತ್ಕಾಲ್ ಬೇಕಾದ್ರ ನಿಮ್ಮ ಫೋನ್‌ದಾಗ ನೀವ ಮಾಡ್ರೀ” ಎಂದು ಕಲಿಸಿ ಕಳಿಸುತ್ತಾಳೆ.

ಇಷ್ಟು ವರ್ಷ ನಡೆಸಿಕೊಂಡು ಬಂದ ಎರಡು ಅಂಕಣಗಳ ನಿಜವಾದ ಪರೀಕ್ಷೆ ನಡೆದದ್ದು 2020ರಲ್ಲಿ. ಆ ವರ್ಷದ ಏಪ್ರಿಲ್ ತಿಂಗಳಿಗೆ ಸುತ್ತಲಿನ ಹಳ್ಳಿಗಳ 22 ಹಿರಿಯರು ಕಾಶಿಗೆ ಹೊರಟಿದ್ದರು. ಬೆಂಗಳೂರಿನಿಂದ ವಾರಾಣಸಿಗೆ ವಿಮಾನದಲ್ಲಿ ಹೋಗಿಬರಲು ತಲೆಗೆ 10,000 ರೂಪಾಯಿ, ಆಕೆಯ ಶುಲ್ಕ 200 ರೂಪಾಯಿ. ಒಕ್ಕಲುತನದವರು, ನಿವೃತ್ತ ಶಿಕ್ಷಕರು, ಹೈನು ಮಾರಿ ಕೂಡಿಟ್ಟ ಮುದುಕಿಯರು. ಫೆಬ್ರುವರಿಯಲ್ಲಿಯೇ ಹಣ ಕೊಟ್ಟಿದ್ದರು. ಮಾರ್ಚ್ 25ರಂದು ದೇಶವೇ ಬಾಗಿಲು ಹಾಕಿತು. ಒಳನಾಡಿನ ವಿಮಾನಗಳು ಮತ್ತೆ ಹಾರಿದ್ದು ಮೇ 25ರಂದು.

ವಿಮಾನ ಸಂಸ್ಥೆ ಹಣ ಹಿಂದಿರುಗಿಸಲಿಲ್ಲ. ಮುಂದೆ ಎಂದಾದರೂ ಪ್ರಯಾಣಿಸಬಹುದೆಂದು ಜಮೆ ತೋರಿಸಿತು. ಆ ಜಮೆಯೂ ಆಕೆಯ ಖಾತೆಯ ದಾರಿಯಲ್ಲಿ ಇತ್ತೇ ಹೊರತು ಯಾತ್ರಿಕರ ಕೈಯಲ್ಲಿರಲಿಲ್ಲ. ಊರವರಿಗೆ ಗೊತ್ತಿದ್ದದ್ದು ಒಂದೇ ಸಂಗತಿ: ರೊಕ್ಕ ಕೊಟ್ಟದ್ದು ಅಕ್ಕಾರ ಕೈಯಲ್ಲಿ. ನಿರ್ಬಂಧ ಸಡಿಲವಾದ ಮೇಲೆ ಒಬ್ಬೊಬ್ಬರಾಗಿ ಅಂಗಳಕ್ಕೆ ಬಂದರು. ಆಕೆಯ ಬಳಿ ಆಗ ಒಂದು ರೂಪಾಯಿಯ ಆದಾಯವೂ ಇರಲಿಲ್ಲ. ಎರಡು ಲಕ್ಷ ಇಪ್ಪತ್ತು ಸಾವಿರವನ್ನು ಕೈಯಿಂದ ಕೊಡುವ ಶಕ್ತಿಯಂತೂ ಇರಲೇ ಇಲ್ಲ. ಬಂದವರನ್ನೆಲ್ಲ ಪಡಸಾಲೆಗೆ ಕರೆದು, ಗಣಕಯಂತ್ರದ ಪರದೆಯ ಮೇಲೆ ಅವರವರ ಹೆಸರು, ಅವರವರ ಹಣ ಎಲ್ಲಿ ನಿಂತಿದೆಯೆಂಬುದನ್ನು ತೋರಿಸಿ, ಅದನ್ನೇ ಕಾಗದದ ಮೇಲೆ ಮುದ್ರಿಸಿ ಕೊಟ್ಟಳು. ಒಬ್ಬ ಮುದುಕನ ಹೆಂಡತಿಗೆ ಶಸ್ತ್ರಚಿಕಿತ್ಸೆಯಾಗಬೇಕಿತ್ತು. ಆ ಇಬ್ಬರ 20,000 ರೂಪಾಯಿಯನ್ನು ಮಾತ್ರ ತನ್ನ ಉಳಿತಾಯದಿಂದ ಎತ್ತಿ ಕೊಟ್ಟಳು. ಉಳಿದವರಿಗೆ ಅದನ್ನು ಬಚ್ಚಿಡಲೂ ಇಲ್ಲ. ಕೊಟ್ಟದ್ದೇಕೆಂದು ಹೇಳಿದಳು. ಕೆಲವರು ಒಪ್ಪಿದರು, ಕೆಲವರು ಗೊಣಗಿದರು.

2020ರ ಅಕ್ಟೋಬರ್ 1ರಂದು ಸರ್ವೋಚ್ಚ ನ್ಯಾಯಾಲಯದ ತೀರ್ಪು ಬಂದಿತು. ಇಂಥ ಟಿಕೆಟ್ಟುಗಳ ಹಣವನ್ನು ಸಂಸ್ಥೆಗಳು ಮರಳಿಸಬೇಕು. ಆರ್ಥಿಕ ಸಂಕಷ್ಟದಿಂದ ಕೂಡಲೇ ಮರಳಿಸಲಾಗದಿದ್ದರೆ 2021ರ ಮಾರ್ಚ್ 31ರವರೆಗೆ ಜಮೆಯಾಗಿ ಇಟ್ಟುಕೊಳ್ಳಬಹುದು. ಹಾಗೆ ಇಟ್ಟುಕೊಂಡದ್ದಕ್ಕೆ 2020ರ ಜೂನ್ 30ರವರೆಗೆ ತಿಂಗಳಿಗೆ ಶೇಕಡಾ ಅರ್ಧದಂತೆ, ಆಮೇಲೆ ಶೇಕಡಾ ಮುಕ್ಕಾಲರಂತೆ ಹೆಚ್ಚಿನ ಹಣ ಸೇರಿಸಬೇಕು. ಏಜೆಂಟರ ಮೂಲಕ ಮಾಡಿಸಿದ ಟಿಕೆಟ್ಟಿನ ಹಣ ಏಜೆಂಟರಿಂದ ತಡವಿಲ್ಲದೆ ಯಾತ್ರಿಕನಿಗೆ ತಲುಪಬೇಕು. 2021ರಲ್ಲಿ ಹಣ ಬಂದಿತು. ತಲೆಗೆ 10,000 ರೂಪಾಯಿ, ಅದರ ಮೇಲೆ 825 ರೂಪಾಯಿ.

ಈ 825 ರೂಪಾಯಿಯ ಸಂಗತಿ ಹಳ್ಳಿಯ ಯಾರಿಗೂ ತಿಳಿದಿರಲಿಲ್ಲ. ಅಸಲು ಸಿಕ್ಕರೆ ಸಾಕೆಂದು ಕಾದವರು ಅವರು. ಒಟ್ಟು 18,150 ರೂಪಾಯಿ. ಒಂದು ವರ್ಷ ಬರಿಗೈಯಲ್ಲಿ ಕುಳಿತ ಮನೆಗೆ ಅದು ಸಣ್ಣ ಮೊತ್ತವಲ್ಲ. ಆಕೆ ಅದನ್ನು “ಅವರದು” ಎಂಬ ಅಂಕಣದಲ್ಲಿಯೇ ಬರೆದಳು. ಮೊದಲೇ ಹಣ ಪಡೆದಿದ್ದ ದಂಪತಿಗಳ ಪಾಲಿನ 1,650 ರೂಪಾಯಿ ಯಾರದೆಂಬ ತೊಡಕು ಬಂದಾಗ ತಾನೇ ತೀರ್ಮಾನಿಸದೆ ಮುದುಕನೆದುರು ಲೆಕ್ಕವಿಟ್ಟಳು. ಆತ ನಕ್ಕು, “ಅರ್ಧಾ ಅರ್ಧಾ ಮಾಡ ತಂಗಿ” ಎಂದನು. ಹಾಗೆಯೇ ಆಯಿತು. ಒಬ್ಬ ಯಾತ್ರಿಕ ಆ ವರ್ಷದ ಮೇ ತಿಂಗಳಿನಲ್ಲಿ ರೋಗಕ್ಕೆ ಬಲಿಯಾಗಿದ್ದನು. ಕಾಶಿಗೆ ಹಣ ಕಟ್ಟಿದ್ದನ್ನು ಆತ ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಗದಗಿನಲ್ಲಿದ್ದ ಮಗಳನ್ನು ವಿಚಾರಿಸಿ ಹುಡುಕಿ, ಹಣವನ್ನು ಮುಟ್ಟಿಸಿದಾಗ ಆ ಮಗಳು “ಇದು ಯಾವ ರೊಕ್ಕರೀ ಅಕ್ಕಾರ?” ಎಂದು ಬೆರಗಾದಳು. ಆಕೆ ತಂದೆಯ ಹೆಸರಿದ್ದ ಪಟ್ಟಿಯನ್ನು ತೋರಿಸಿದಳು.

ಆದರೆ 200 ರೂಪಾಯಿಯ ಶುಲ್ಕವನ್ನು ಆಕೆ ಹಿಂದಿರುಗಿಸಲಿಲ್ಲ. ಪ್ರಯಾಣ ರದ್ದಾದರೂ ಶುಲ್ಕ ಮರಳದೆಂದು ಪಟ್ಟಿಯಲ್ಲಿ ಮೊದಲೇ ಬರೆದಿತ್ತು. ಒಬ್ಬ ಹಿರಿಯರು ಕೆರಳಿ, “ಹೋಗಲಾರದ ಯಾತ್ರಾಕ್ಕ ಕೂಲಿ ಏನವ್ವಾ?” ಎಂದರು.

“ಎಂಟನೂರಾ ಇಪ್ಪತ್ತೈದು ನಿಮಗ ಗೊತ್ತಿರಲಿಲ್ಲ ಅಜ್ಜಾರ, ಆದ್ರೂ ನಿಮ್ದು, ಕೊಟ್ಟೀನಿ. ಈ ಇನ್ನೂರು ನಾ ದುಡದದ್ದು, ಇಟ್ಕೊಂಡೀನಿ.”

ಇಲ್ಲಿ ಓದುಗರು ಒಂದು ಕ್ಷಣ ನಿಂತು ವಿಚಾರಿಸಬೇಕು. 825ನ್ನು ಮರಳಿಸಿದವಳಿಗೆ 200ನ್ನೂ ಬಿಟ್ಟುಬಿಡುವುದು ಕಷ್ಟವಾಗಿತ್ತೇ? ಬಿಟ್ಟಿದ್ದರೆ ಊರೆಲ್ಲ ಹೊಗಳುತ್ತಿತ್ತು. ಆದರೆ ಹೊಗಳಿಕೆಗಾಗಿ ತನ್ನ ದುಡಿಮೆಯನ್ನು ಸೊನ್ನೆಯೆಂದು ಸಾರುವುದೂ ಒಂದು ಬಗೆಯ ಸುಳ್ಳು ಲೆಕ್ಕವೇ. ಶರಣರ ಕಥೆಗಳಲ್ಲಿ ಆಯ್ದಕ್ಕಿ ಲಕ್ಕಮ್ಮನ ಪ್ರಸಂಗವನ್ನು ಎಲ್ಲರೂ ಬಲ್ಲರು. ಗಂಡ ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಆ ಹೆಚ್ಚಿನದನ್ನು ಆಯ್ದಲ್ಲಿಯೇ ಸುರಿದು ಬರುವಂತೆ ಕಳಿಸಿದಳು ಆ ತಾಯಿ. ಕಥೆ ಕೇಳಿದವರು ಸುರಿದುಬಂದ ಅಕ್ಕಿಯನ್ನೇ ನೆನೆಯುತ್ತಾರೆ. ದಿನದ ಅಕ್ಕಿಯನ್ನು ಲಕ್ಕಮ್ಮ ಇಟ್ಟುಕೊಂಡಳೆಂಬುದನ್ನು ಮರೆಯುತ್ತಾರೆ. ದುಡಿಮೆಗೆ ಸಲ್ಲುವ ಅಳತೆ ಆಕೆಗೆ ತಿಳಿದಿತ್ತು. ಹೆಚ್ಚಿನದು ಬೇಡವೆನ್ನುವ ಧೈರ್ಯವೂ ತನ್ನದನ್ನು ತನ್ನದೆನ್ನುವ ಧೈರ್ಯವೂ ಒಂದೇ ಅಳತೆಯಿಂದ ಹುಟ್ಟುತ್ತವೆ.

2022ರ ನವೆಂಬರ್ 11ರಂದು ಬೆಂಗಳೂರಿನಿಂದ ಭಾರತ್ ಗೌರವ್ ಕಾಶಿ ದರ್ಶನ ರೈಲು ಹೊರಟಿತು. ಎಂಟು ದಿನಗಳ ಆ ಯಾತ್ರೆಗೆ ನಿಗದಿಯಾದ 20,000 ರೂಪಾಯಿಯಲ್ಲಿ 5,000 ರೂಪಾಯಿಯನ್ನು ರಾಜ್ಯ ಸರ್ಕಾರ ಭರಿಸುವುದೆಂದು ಪ್ರಕಟವಾಗಿತ್ತು. ಕಾಶಿಯ ಆಸೆ ಬಿಡದ ಹಿರಿಯರು ಮತ್ತೆ ಆಕೆಯ ಬಳಿಗೇ ಬಂದರು. ವಿಮಾನ, ವಸತಿ, ಊಟ ಸೇರಿಸಿ ಮಾಡಿಕೊಟ್ಟಿದ್ದರೆ ಆಕೆಗೆ ನಾಲ್ಕು ಕಾಸು ಉಳಿಯುತ್ತಿತ್ತು. ಆಕೆ ಕಾಶಿ ದರ್ಶನ ರೈಲಿನ ವಿವರವನ್ನೇ ಓದಿ ಹೇಳಿದಳು. ಅದರಲ್ಲಿ ಆಕೆಗೆ ದೊರೆಯುವುದೇನೂ ಇರಲಿಲ್ಲ. ಅರ್ಜಿ ತುಂಬಿ, ಆಧಾರ್ ಪತ್ರ ಜೋಡಿಸಿ, ಉಣ್ಣೆಯ ಶಾಲು, ರಕ್ತದೊತ್ತಡದ ಗುಳಿಗೆ ಇವೆಲ್ಲದರ ಪಟ್ಟಿಯನ್ನು ದೊಡ್ಡ ಅಕ್ಷರದಲ್ಲಿ ಬರೆದು ಕೊಟ್ಟಳು. ಅದಕ್ಕೆ ತಲೆಗೆ 50 ರೂಪಾಯಿ ಬರೆದಳು. ಹಿಂದೆ ಕೆರಳಿದ್ದ ಹಿರಿಯರೂ ಅವರಲ್ಲಿದ್ದರು. 50 ರೂಪಾಯಿ ಎಣಿಸಿ ಮೇಜಿನ ಮೇಲಿಟ್ಟು, ಪಟ್ಟಿ ಕೊಡಲು ಕೇಳಿದರು.

ಇಂದು ಅಂಗೈಯಲ್ಲಿಯೇ ಟಿಕೆಟ್ ದೊರೆಯುವ ಕಾಲದಲ್ಲಿ ಇಂಥವರು ಏಕೆ ಬೇಕೆಂದು ಕೇಳುವವರುಂಟು. ಬೇಡವಾದವರಿಗೆ ಬೇಡ. ಆದರೆ ಜಾಲತಾಣದಲ್ಲಿ ಟಿಕೆಟ್ ಮಾಡಿದವರೂ ಕೊನೆಯಲ್ಲಿ ಸೇರಿಕೊಳ್ಳುವ ಅನುಕೂಲ ಶುಲ್ಕವನ್ನು ಕೊಟ್ಟೇ ಕೊಡುತ್ತಾರೆ. ಅದಕ್ಕೆ ಯಾರೂ ಜಗಳವಾಡುವುದಿಲ್ಲ. ಯಂತ್ರಕ್ಕೆ ಕೊಡುವಾಗ ಇಲ್ಲದ ಸಂಕಟ ಮನುಷ್ಯರಿಗೆ ಕೊಡುವಾಗ ಏಕೆಂದು ತಮ್ಮನ್ನು ತಾವೇ ಕೇಳಿಕೊಳ್ಳುವುದು ಒಳ್ಳೆಯದು.

ನಡುವೆ ನಿಲ್ಲುವುದು ಹೀನವಲ್ಲ. ವೈದ್ಯನು ರೋಗಿಯ ಮತ್ತು ಔಷಧದ ನಡುವೆ ನಿಲ್ಲುತ್ತಾನೆ, ಗುರುವು ವಿದ್ಯೆಯ ಮತ್ತು ಶಿಷ್ಯನ ನಡುವೆ ನಿಲ್ಲುತ್ತಾನೆ. ನಡುವೆ ನಿಂತವರ ಕೈಯಲ್ಲಿ ಇನ್ನೊಬ್ಬರ ಹಣವಿರುತ್ತದೆ, ಇನ್ನೊಬ್ಬರಿಗೆ ತಿಳಿಯದ ಸಂಗತಿ ಇರುತ್ತದೆ. ಅವೆರಡನ್ನೂ ಬೆಳಕಿಗೆ ಹಿಡಿದು ತೋರಿಸಿದವರ ಕೂಲಿ ಶುದ್ಧವಾದದ್ದು, ಅದು ಎಷ್ಟೇ ಇರಲಿ. ಅದನ್ನು ಕೊಡುವವರಿಗೂ ಒಂದು ಕರ್ತವ್ಯವಿದೆ. ಪ್ರಾಮಾಣಿಕತೆಯನ್ನು ಬಯಸುವವರು ಪ್ರಾಮಾಣಿಕವಾಗಿ ಬರೆದ ಸಾಲನ್ನು ಕಂಡು ಮುಖ ತಿರುಗಿಸಬಾರದು. ದಾರಿ ತೋರಿದವರಿಗೆ ಕೂಲಿ ಸಲ್ಲಲಿ, ಸಲ್ಲದ್ದು ಸೇರಬೇಕಾದವರ ಮನೆಗೆ ಸೇರಲಿ.